‘ನೂರಾ ಎರಡು ಜ್ವರ’: ತಾಪಸೂಚಕ ಇಂಗ್ಲಿಷ್ ಪದಕಲಿಕೆಯ ಒಂದು ವಿಮರ್ಶೆ

1. ಪ್ರಶ್ನೆ

ಇಂಗ್ಲಿಷ್ ಕಲಿಕೆಗಾಗಿ ಸಿದ್ಧಪಡಿಸುವ ದ್ವಿಭಾಷಾ ಪದಪಟ್ಟಿಗಳಲ್ಲಿ ತಾಪಕ್ಕೆ ಸಂಬಂಧಿಸಿದ ಪದಗಳು ಸಾಮಾನ್ಯವಾಗಿ ಜೋಡಿಗಳಾಗಿ ಬರುತ್ತವೆ: ‘ಹಾಟ್’ ಎಂದರೆ ಬಿಸಿ, ‘ಕೋಲ್ಡ್’ ಎಂದರೆ ತಣ್ಣಗೆ, ‘ಹೀಟ್’ ಎಂದರೆ ಉಷ್ಣ, ‘ಟೆಂಪರೇಚರ್’ ಎಂದರೆ ಉಷ್ಣತೆ ಅಥವಾ ತಾಪಮಾನ. ಎರಡೂ ಭಾಷೆಗಳು ತಾಪದ ಅನುಭವವನ್ನು ಒಂದೇ ರೀತಿಯಲ್ಲಿ ವಿಂಗಡಿಸುತ್ತವೆ, ಕಲಿಯುವವರು ಹೆಸರನ್ನಷ್ಟೇ ಬದಲಿಸಿಕೊಂಡರೆ ಸಾಕು ಎಂಬ ಗ್ರಹಿಕೆ ಈ ಕ್ರಮದ ಹಿಂದಿದೆ. ಈ ಗ್ರಹಿಕೆ ನಿಲ್ಲುವುದಿಲ್ಲ ಎಂಬುದು ನಮ್ಮ ವಾದ. ಇದರ ಭಾರ ಬೀಳುವುದು ಹೊನ್ನಾಳಿ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಎದುರಿಸುವ ವಿದ್ಯಾರ್ಥಿಯ ಮೇಲೆ.

2. ಮೂರು ನೆಲೆಗಳು

ಮರಿಯಾ ಕೊಪ್ಚೆವ್‌ಸ್ಕಾಯಾ-ತಮ್ ಅವರು 2015ರಲ್ಲಿ ಸಂಪಾದಿಸಿದ, ತಾಪದ ಭಾಷಾವಿಜ್ಞಾನವನ್ನು ಕುರಿತ ಸಂಪುಟವು ಮೂರು ನೆಲೆಗಳನ್ನು ಬೇರ್ಪಡಿಸುತ್ತದೆ: ಮುಟ್ಟಿ ತಿಳಿಯುವ ತಾಪ, ಪರಿಸರದ ತಾಪ, ಸ್ವಂತ ದೇಹದ ಅನುಭವ. ಇಂಗ್ಲಿಷಿನ ‘ಕೋಲ್ಡ್’ ಒಂದೇ ಗುಣವಾಚಕವಾಗಿ ಮೂರನ್ನೂ ನಿರ್ವಹಿಸುತ್ತದೆ. ಕನ್ನಡದಲ್ಲಿ ಹಾಗಿಲ್ಲ. ‘ನೀರು ತಣ್ಣಗಿದೆ’, ‘ಹೊರಗೆ ಚಳಿ ಇದೆ’, ‘ನನಗೆ ಚಳಿಯಾಗುತ್ತಿದೆ’; ಹಾಗೆಯೇ ‘ನೀರು ಬಿಸಿಯಾಗಿದೆ’, ‘ಇವತ್ತು ಸೆಕೆ’, ‘ನನಗೆ ಸೆಕೆಯಾಗುತ್ತಿದೆ’. ಮೊದಲ ನೆಲೆ ಪದದಲ್ಲಿಯೇ ಬೇರೆಯಾಗುತ್ತದೆ. ಮೂರನೆಯದು ಚತುರ್ಥಿ ವಿಭಕ್ತಿಯ ಅನುಭವಿಯನ್ನು ಬೇಡುತ್ತದೆ. ಇಂಗ್ಲಿಷಿನಲ್ಲಿ ಅದೇ ಅನುಭವಿ ಕರ್ತೃಸ್ಥಾನಕ್ಕೆ ಬರುತ್ತಾನೆ. ‘ಕೋಲ್ಡ್ ಎಂದರೆ ತಣ್ಣಗೆ’ ಎಂಬ ಸಮೀಕರಣ ಈ ಆರು ವಾಕ್ಯಗಳ ಪೈಕಿ ಒಂದಕ್ಕೆ ಮಾತ್ರ ಸಲ್ಲುತ್ತದೆ.

ಇನ್ನೊಂದು ತೊಡಕು ಎರವಲು ಪದದಿಂದಲೇ ಬರುತ್ತದೆ. ಆಡುಗನ್ನಡದ ‘ಕೋಲ್ಡ್ ಆಗಿದೆ’ ಎಂಬುದಕ್ಕೆ ನೆಗಡಿ ಎಂಬುದೇ ಅರ್ಥ. ಪರಿಚಿತವಾದ ಈ ರೂಪವೇ ಇಂಗ್ಲಿಷ್ ವಾಕ್ಯದಲ್ಲಿ ಚಳಿಯನ್ನೂ ಸೂಚಿಸಬಲ್ಲದೆಂದು ಪದಪಟ್ಟಿ ತಿಳಿಸುವುದಿಲ್ಲ. ‘ಆರಿದ ಅನ್ನ’ದ ಪ್ರಶ್ನೆ ಇನ್ನೂ ಸೂಕ್ಷ್ಮ: ‘ಆರು’ ಕ್ರಿಯಾಪದ, ಇದ್ದ ಬಿಸಿ ಹೋದುದನ್ನು ಅದು ಹೇಳುತ್ತದೆ. ಅದನ್ನು ‘ಕೋಲ್ಡ್’ ಎಂದಾಗ ಫಲಿತಸ್ಥಿತಿ ಉಳಿದು ಪ್ರಕ್ರಿಯೆ ಮರೆಯಾಗುತ್ತದೆ.

3. ಅಳತೆಯ ವ್ಯಾಕರಣ

ಅಳತೆಗೆ ಬಂದಾಗ ಅಂತರ ಹೆಚ್ಚುತ್ತದೆ. ‘ಜ್ವರ ಎಷ್ಟಿದೆ?’ ಎಂಬ ಪ್ರಶ್ನೆಗೆ ‘ನೂರಾ ಎರಡು ಜ್ವರ’ ಎಂಬ ಉತ್ತರ ಸಹಜ. ಇಲ್ಲಿ ಸಂಖ್ಯೆ ಅಂಟುವುದು ಜ್ವರಕ್ಕೆ. ಮಾನಕದ ಹೆಸರೂ ಇಲ್ಲ, ‘ಡಿಗ್ರಿ’ಯೂ ಇಲ್ಲ. ‘ಟೆಂಪರೇಚರ್ ಇದೆ’ ಎಂದರೂ ಜ್ವರವೇ. ಇಂಗ್ಲಿಷಿನ ಆಡುಬಳಕೆಯಲ್ಲಿಯೂ ಈ ಅರ್ಥವುಂಟು. ಆದರೆ ಭೌತಶಾಸ್ತ್ರದ ತರಗತಿಯಲ್ಲಿ ಟೆಂಪರೇಚರ್ ಇಲ್ಲದ ವಸ್ತುವೇ ಇಲ್ಲ, ಮಂಜುಗಡ್ಡೆಗೂ ಅದಿದೆ. ಇರುವುದು-ಇಲ್ಲದಿರುವುದರ ಪದವೊಂದು ಏರಿಳಿತದ ಪದವಾಗಿ ಮಾರ್ಪಡುವ ಈ ಹೆಜ್ಜೆಯನ್ನು ಯಾವ ಸಮಾನಪದವೂ ಕಲಿಸಲಾರದು.

‘ಉಷ್ಣತೆ ಹೆಚ್ಚು’ ಎಂಬುದರ ‘ಹೆಚ್ಚು’ ಪರಿಮಾಣಕ್ಕೂ ಮಟ್ಟಕ್ಕೂ ಸಲ್ಲುವ ಪದ. ಇಂಗ್ಲಿಷ್ ಇವೆರಡನ್ನು ‘ಮೋರ್’ ಮತ್ತು ‘ಹೈ’ ಎಂದು ಒಡೆಯುತ್ತದೆ. ‘ಟೆಂಪರೇಚರ್ ಈಸ್ ಮೋರ್’ ಎಂಬ ವಾಕ್ಯದ ಬೇರು ಇಲ್ಲಿದೆ. ಇದನ್ನು ಅಜಾಗರೂಕತೆ ಎಂದು ತಿದ್ದುವುದಕ್ಕಿಂತ ಕನ್ನಡದ ಅರ್ಥವ್ಯಾಪ್ತಿಯ ನೇರ ವರ್ಗಾವಣೆ ಎಂದು ವಿವರಿಸುವುದು ಸರಿ.

ಮಾನಕಗಳೂ ಎರಡು. ನಮ್ಮಲ್ಲಿ ಜ್ವರವನ್ನು ಬಹುಮಟ್ಟಿಗೆ ಫ್ಯಾರನ್‌ಹೀಟ್‌ನಲ್ಲಿ, ಹವಾಮಾನವನ್ನು ಸೆಲ್ಸಿಯಸ್‌ನಲ್ಲಿ ಹೇಳುತ್ತೇವೆ. 37 ಡಿಗ್ರಿ ಸೆಲ್ಸಿಯಸ್ 98.6 ಡಿಗ್ರಿ ಫ್ಯಾರನ್‌ಹೀಟ್‌ಗೆ ಸಮ. 40 ಡಿಗ್ರಿ 104ಕ್ಕೆ ಸಮ. ಮಾತಿನಲ್ಲಿ ಮಾನಕದ ಹೆಸರು ಬಿಟ್ಟುಹೋಗುವುದರಿಂದ, ‘40’ ಬಿಸಿಲಿನ ಸಂಖ್ಯೆಯಾಗಿ ಮಾತ್ರ ಪರಿಚಿತವಾಗಿ, ದೇಹದ ವಿಚಾರದಲ್ಲಿ ಅದು ತೀವ್ರ ಜ್ವರವೆಂಬುದು ಹೊಳೆಯದೆ ಹೋಗಬಹುದು.

4. ಉಷ್ಣ ಮತ್ತು ಅಲೆ

‘ಹೀಟ್’ಗೆ ‘ಉಷ್ಣ’ವೆಂಬ ಪಾರಿಭಾಷಿಕವನ್ನು ಕೊಡುವಾಗ, ಆ ಪದ ಬರಿಗೈಯಲ್ಲಿ ಬರುವುದಿಲ್ಲವೆಂಬುದನ್ನು ಮರೆಯಲಾಗಿದೆ. ಮನೆಮಾತಿನಲ್ಲಿ ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ಫ್ರಿಜ್ಜಿನಿಂದ ತೆಗೆದ ಪಪ್ಪಾಯಿಯೂ ಉಷ್ಣವೇ. ಯಾವ ಥರ್ಮಾಮೀಟರೂ ಆ ಉಷ್ಣವನ್ನು ತೋರಿಸದು. ‘ಬಾಡಿ ಹೀಟ್ ಆಗಿದೆ’ ಎಂಬ ಮಾತಿನಲ್ಲಿ ಇಂಗ್ಲಿಷ್ ಪದವೂ ಇದೇ ದೇಶೀಯ ಅರ್ಥವನ್ನು ಹೊತ್ತಿದೆ.

ಇಂಥ ಗೊಂದಲ ತರಗತಿಯ ಹೊರಗೂ ಬೆಲೆ ಕೇಳುತ್ತದೆ. ‘ಹೀಟ್ ವೇವ್’ ಕನ್ನಡದಲ್ಲಿ ಬಿಸಿಗಾಳಿ, ಉಷ್ಣ ಅಲೆ, ಶಾಖದ ಅಲೆ ಎಂದೆಲ್ಲ ಬರುತ್ತದೆ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಿ, ವಾಡಿಕೆಗಿಂತ 4.5ರಿಂದ 6.4 ಡಿಗ್ರಿಯಷ್ಟು ಹೆಚ್ಚಿದ್ದರೆ ಅದು ಹೀಟ್ ವೇವ್. ಈ ವ್ಯಾಖ್ಯೆಯಲ್ಲಿ ಗಾಳಿಯ ಮಾತೇ ಇಲ್ಲ. ‘ಬಿಸಿಗಾಳಿ’ ಎಂದು ಓದಿದ ರೈತ ಎಲೆ ಅಲುಗದ ಮಧ್ಯಾಹ್ನ ಗದ್ದೆಗಿಳಿದರೆ, ಅವನು ಪದವನ್ನು ಸರಿಯಾಗಿಯೇ ಓದಿದ್ದಾನೆ, ದೋಷ ಅನುವಾದದ್ದು.

5. ಆಕ್ಷೇಪ ಮತ್ತು ಸೂಚನೆ

ಪದಪಟ್ಟಿ ಮೊದಲ ಮೆಟ್ಟಿಲು, ಸೂಕ್ಷ್ಮಗಳು ಬಳಕೆಯಿಂದ ಬರುತ್ತವೆ ಎಂದು ಆಕ್ಷೇಪಿಸಬಹುದು. ಥರ್ಮಾಮೀಟರ್, ಪಾದರಸಗಳಂಥ ವಸ್ತುವಾಚಕಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ತರಗತಿಯಾಚೆ ಇಂಗ್ಲಿಷಿನ ಬಳಕೆ ವಿರಳವಾಗಿರುವಲ್ಲಿ ಮೊದಲ ಮೆಟ್ಟಿಲೇ ಕೊನೆಯದೂ ಆಗುತ್ತದೆ.

ಆದ್ದರಿಂದ ಪದಕ್ಕೆ ಬದಲಾಗಿ ವಾಕ್ಯವನ್ನು ಕಲಿಕೆಯ ಘಟಕವಾಗಿಸಬೇಕೆಂದು ನಾವು ಸೂಚಿಸುತ್ತೇವೆ. ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆಗಳು ಸಾಕು: ಮುಟ್ಟಿದ್ದು ಏನು? ಅನುಭವಿಸಿದ್ದು ಯಾರು? ಉಪಕರಣ ತೋರಿಸಿದ್ದು ಎಷ್ಟು, ಯಾವ ಮಾನಕದಲ್ಲಿ? ಈ ಪ್ರಶ್ನೆಗಳಿಗೆ ಕನ್ನಡದ ವಾಕ್ಯಗಳು ಈಗಾಗಲೇ ಸ್ಪಷ್ಟ ಉತ್ತರ ಕೊಡುತ್ತವೆ. ವಿದ್ಯಾರ್ಥಿಯ ಬಳಿ ಇರುವ ಈ ವಿವೇಚನೆಯನ್ನು ಅಡ್ಡಿಯೆಂದು ಬದಿಗೊತ್ತದೆ, ಅದರಿಂದಲೇ ಪಾಠವನ್ನು ಆರಂಭಿಸಬೇಕು.