ಮುಖ ಎಲ್ಲೈತೋ ತಮ್ಮಾ?

ಕ್ಯಾಮೆರಾ ಕೊಂಡ ಹೊಸದರಲ್ಲಿ ಅದನ್ನು ಊರಿಗೆ ತಗೊಂಡು ಹೋಗಿದ್ದೆ. ಊರು ಅಂದ್ರೆ ಸಿಂಧನೂರಿನಿಂದ ಮಸ್ಕಿಗೆ ಹೋಗೋ ದಾರಿಯಲ್ಲಿ ಬಸ್ಸು ಅರ್ಧ ನಿಮಿಷ ನಿಂತು ಮುಂದೆ ಹೋಗುವಂಥ ಒಂದು ಹಳ್ಳಿ. ಕಟ್ಟೆ ಮೇಲೆ ಕೂತು ಬ್ಯಾಗಿನ ಜಿಪ್ಪು ಎಳೆದಿದ್ದೇ ತಡ, ಪಕ್ಕದ ಮನೆ ಕಾಕಾ ಕೇಳಿದ: "ಎಷ್ಟು ಬಿತ್ತಪಾ ಇದಕ್ಕ?"

ನಿಜ ಹೇಳೋ ಧೈರ್ಯ ಬರಲಿಲ್ಲ. ಅರ್ಧ ರೇಟು ಹೇಳಿದೆ. ಅರ್ಧಕ್ಕೇ ಕಾಕಾ ಎದ್ದು ನಿಂತ. "ಯಪ್ಪಾ! ಎರಡು ಎಮ್ಮಿ ಬರ್ತಿದ್ವಲ್ಲೋ!" ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಎಮ್ಮಿಯಾದ್ರ ಹಾಲರ ಕೊಡ್ತಿತ್ತು" ಅಂದ.

ಫೋಟೋ ತೆಗೆಯೋ ಹುಚ್ಚಿರುವ ನಮ್ಮಂಥವರು ನಾಲ್ಕು ಜನ ಸೇರಿದರೆ ಇಂಥ ಪ್ರಶ್ನೆಗಳದ್ದೇ ಮಾತು. ನಂದಿ ಬೆಟ್ಟದ ಚಳಿಯಲ್ಲಿ ಸೂರ್ಯನಿಗೆ ಕಾಯುತ್ತಾ, ರಂಗನತಿಟ್ಟಿನ ದೋಣಿಗೆ ಸಾಲು ನಿಂತು, ಒಬ್ಬೊಬ್ಬರೂ ತಮ್ಮ ತಮ್ಮ ಸಂಗ್ರಹ ಬಿಚ್ಚುತ್ತಾರೆ. ಫೋಟೋ ತೆಗೆಯದವರು ಕೇಳುವ ಪೆದ್ದು ಪ್ರಶ್ನೆಗಳು ಅಂತ ಹೊಟ್ಟೆ ಹಿಡಿದುಕೊಂಡು ನಗ್ತೀವಿ. ನಾನೂ ಹತ್ತು ವರ್ಷದಿಂದ ಕೂಡಿಟ್ಟಿದ್ದೇನೆ. ಅವನ್ನೆಲ್ಲ ಒಂದು ಕಡೆ ಬರೆದು ನಿಮ್ಮನ್ನು ನಗಿಸಿಬಿಡೋಣ ಅಂತಲೇ ಕೂತವನು. ಬರೀತಾ ಬರೀತಾ ಒಂದು ಅನುಮಾನ ಶುರುವಾಯಿತು. ನನ್ನ ಫೋಟೋಗಳಿಗೆ ಬಂದ "ನೈಸ್ ಕ್ಯಾಪ್ಚರ್", "ಅದ್ಭುತ ಸರ್", ಎರಡು ಚಪ್ಪಾಳೆ, ಒಂದು ಬೆಂಕಿ ಇವೆಲ್ಲಕ್ಕಿಂತ ಈ ಪೆದ್ದು ಪ್ರಶ್ನೆಗಳೇ ಒಳ್ಳೆಯ ವಿಮರ್ಶೆ ಅಲ್ಲವಾ ಅಂತ.

ಮೊದಲು ಪೇಟೆಯವರ ಪ್ರಶ್ನೆ ಮುಗಿಸಿಬಿಡ್ತೀನಿ, ಅವು ಸುಲಭ. ಆಫೀಸಿನಲ್ಲಿ ಯಾರಿಗಾದರೂ ಫೋಟೋ ತೋರಿಸಿದರೆ ಬರುವ ಮೊದಲ ಮಾತು, "ವಾವ್, ಯಾವ ಕ್ಯಾಮೆರಾ?" ಎರಡನೆಯದು, "ಎಷ್ಟು ಮೆಗಾಪಿಕ್ಸೆಲ್?" ಇದಕ್ಕೆ ನಮ್ಮಲ್ಲಿ ರೆಡಿ ಉತ್ತರ ಇದೆ: "ನಿನ್ನ ಕೋಡ್ ಚೆನ್ನಾಗಿದ್ದರೆ ಯಾವ ಕೀಬೋರ್ಡ್ ಅಂತ ಕೇಳ್ತೀನಾ?" ಎಲ್ಲರೂ ನಗ್ತಾರೆ. ನಾವು ಗೆದ್ದೆವು ಅಂದುಕೊಳ್ತೀವಿ.

ಆದರೆ ಪ್ರಾಮಾಣಿಕವಾಗಿ ಹೇಳಿ, ಈ ಪ್ರಶ್ನೆ ಕಲಿಸಿದವರು ಯಾರು? ನಾವೇ. ನಾವು ನಾಲ್ಕು ಜನ ಸೇರಿದಾಗ ಮಾತಾಡೋದು ಬೆಳಕಿನ ಬಗ್ಗೆಯೋ ಫೋಟೋದಲ್ಲಿರುವ ಮನುಷ್ಯನ ಬಗ್ಗೆಯೋ ಅಲ್ಲ. ಲೆನ್ಸಿನ ಇಎಂಐ ಬಗ್ಗೆ. 6000 ಗುಣಿಸು 4000 ಅಂದರೆ 24 ಮೆಗಾಪಿಕ್ಸೆಲ್. ಅದನ್ನು ಕೊನೆಗೆ ನೋಡೋದು 1920 ಗುಣಿಸು 1080ರ ಪರದೆ ಮೇಲೆ, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಹನ್ನೆರಡರಲ್ಲಿ ಹನ್ನೊಂದು ಪಾಲು ನಮ್ಮ ಸಮಾಧಾನಕ್ಕೆ ಕೊಂಡದ್ದು. ಹಾಗಿರುವಾಗ ಕ್ಯಾಮೆರಾ ಯಾವುದು ಅಂತ ಕೇಳಿದವನನ್ನು ನೋಡಿ ನಗೋದು ಯಾವ ನ್ಯಾಯ? ಕಾಕಾನ ಎಮ್ಮೆ ಲೆಕ್ಕ ಇದಕ್ಕಿಂತ ನೆಟ್ಟಗಿತ್ತು. ಕೊಂಡದ್ದು ಏನು ಕೊಡ್ತದೆ, ಯಾರಿಗೆ ಕೊಡ್ತದೆ ಅನ್ನೋದು ಅವನ ಪ್ರಶ್ನೆ.

ಇನ್ನು ನಮ್ಮ ಸೀಮೆಯ ಪ್ರಶ್ನೆಗಳು. ಸಿಂಧನೂರಿನ ಸುತ್ತ ಬತ್ತದ ಗದ್ದೆ ಮುಂದೆ ಕ್ಯಾಮೆರಾ ಹಿಡಿದು ನಿಂತರೆ ಸಾಕು, ಯಾರೋ ಒಬ್ಬರು ಬದುವಿನ ಮೇಲೆ ನಡೆದುಕೊಂಡು ಬಂದು ಕೇಳ್ತಾರೆ: "ಯಾವ ಪೇಪರಿನವ್ರೀ?" ಅಥವಾ, "ಸರ್ವೇಕ್ಕ ಬಂದೀರೇನ್ರಿ? ಕಾಲುವಿಗೆ ನೀರು ಯಾವಾಗ ಬಿಡ್ತಾರ?" ನಾನು ಬೆಳಗಿನ ಬೆಳಕು, ಬೆಳ್ಳಕ್ಕಿ ಸಾಲು ಅಂತ ಬಂದವನು. ಅವರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇಭಾಗದ ರೈತರು. ಮೇಲಿನವರು ನೀರು ಹಿಡಿದುಕೊಂಡರೆ ಕೆಳಗಿನವರಿಗೆ ಒಣಗಿದ ಸಸಿಮಡಿ ಗತಿ. ಅಲ್ಲಿ ದುಬಾರಿ ಕ್ಯಾಮೆರಾ ಹಿಡಿದು ಬರುವವರು ಎರಡೇ ಥರ: ಸರ್ಕಾರದವರು, ಇಲ್ಲಾ ಪೇಪರಿನವರು. ಇಬ್ಬರಿಂದಲೂ ಏನೋ ಆಗಬಹುದು ಅನ್ನೋ ಆಸೆ. "ಇಲ್ರೀ, ಸುಮ್ನ ಹವ್ಯಾಸಕ್ಕ" ಅಂದೆ. ಒಬ್ಬ ಹಿರಿಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸುಮ್ನ?" ಅಂದ. ಆ ಒಂದು ಪದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಮಸ್ಕಿಯ ಗುಡ್ಡದಲ್ಲಿ ಬೇರೆಯದೇ ಪ್ರಶ್ನೆ. ಟ್ರೈಪಾಡು ಊರಿ ಬಂಡೆಗಲ್ಲಿನ ಫೋಟೋ ತೆಗೀತಿದ್ದೆ. ಕುರಿ ಕಾಯೋ ಹುಡುಗ ಹತ್ತಿರ ಬಂದು, ದನಿ ಇಳಿಸಿ, "ನಿಧಿ ಐತೇನ್ರಿ?" ಅಂದ. ಬೆಂಗಳೂರಿಗೆ ಬಂದು ಈ ಜೋಕನ್ನು ಎಷ್ಟು ಸಲ ಹೇಳಿದೀನೋ ಲೆಕ್ಕವಿಲ್ಲ. ಆಮೇಲೆ ಮಸ್ಕಿಯ ಚರಿತ್ರೆ ಓದಿದೆ. ಈ ಗುಡ್ಡದ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ನಿಜಾಮರ ರಾಜ್ಯದಲ್ಲಿ ಚಿನ್ನದ ಬೆನ್ನು ಹತ್ತಿದ್ದವನು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು 'ದೇವಾನಾಂಪಿಯ', 'ಪಿಯದಸಿ' ಅಂತ ಬಿರುದುಗಳಿಂದಲೇ ಕರೆದಿತ್ತು. 'ಅಶೋಕ' ಅನ್ನೋ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆ ಮೇಲೆ. ಅಂದರೆ ಕುರಿ ಹುಡುಗ ಕೇಳಿದ್ದು ತಪ್ಪೇನಲ್ಲ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ನೆಲದೊಳಗಿಂದ ಚಿನ್ನ ತೆಗೀತಾರೆ. ಈ ಸೀಮೆಯಲ್ಲಿ ಕಲ್ಲಿನ ಮುಂದೆ ಯಂತ್ರ ಹೂಡಿ ನಿಂತವರು ಸುಮ್ಮನೆ ನಿಂತವರಲ್ಲ. ತೆಗೆದುಕೊಂಡು ಹೋಗುವವರು. ಹುಡುಗನಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಭಾಷೆಯಲ್ಲೇ ಇದೆ ನೋಡಿ. ಫೋಟೋ 'ತೆಗೆಯೋದು', ಫೋಟೋ 'ಹೊಡೆಯೋದು', ಫೋಟೋ 'ಹಿಡಿಯೋದು'. ತೆಗೆ, ಹೊಡಿ, ಹಿಡಿ. ಫೋಟೋ 'ಕೊಡೋದು' ಅನ್ನೋದು ಮಾತ್ರ ಬೇರೆ ಕೆಲಸ. ಅದನ್ನು ಮಾಡುವವನು ಸ್ಟುಡಿಯೋದವನು.

ಸ್ಟುಡಿಯೋ ಅಂದಾಗ ನೆನಪಾಯಿತು. ನಾವು ಚಿಕ್ಕವರಿದ್ದಾಗ ಸಿಂಧನೂರಿಗೆ ಹೋಗಿ ಫೋಟೋ ತೆಗೆಸಿಕೊಳ್ಳೋದು ಅಂದರೆ ಹಬ್ಬ. ಹಿಂದೆ ಬಣ್ಣದ ಪರದೆ, ಹಿಮದ ಗುಡ್ಡ, ನಮ್ಮ ಬಿಸಿಲಿಗೆ ಸಂಬಂಧವೇ ಇಲ್ಲದ ಪೈನ್ ಮರ. ಮುಂದೆ ಒಂದು ಸ್ಟೂಲು. ಅಪ್ಪ ಕೂತು, ಅವ್ವ ನಿಂತು, ಎರಡೂ ಕೈ ನೇರ, ಕಣ್ಣು ನೇರ, ನಗು ಇಲ್ಲ. ಪೇಟೆಗೆ ಬಂದು 'ಕ್ಯಾಂಡಿಡ್' ಅನ್ನೋ ಪದ ಕಲಿತ ಮೇಲೆ ಇವನ್ನು ನೋಡಿ ನಾಚಿಕೆಪಟ್ಟಿದ್ದೇನೆ. ಊರಲ್ಲಿ ಕ್ಯಾಮೆರಾ ಎತ್ತಿದ ಕೂಡಲೇ ಜನ ಸೆಟೆದು ನಿಂತರೆ, "ಹಂಗಲ್ರೀ, ನನ್ನ ಕಡೆ ನೋಡಬ್ಯಾಡ್ರಿ, ಸುಮ್ನ ಕೆಲಸ ಮಾಡ್ರಿ" ಅಂತ ಗೋಗರೆದಿದ್ದೇನೆ. ಅದಕ್ಕೆ ಅವರ ಪ್ರಶ್ನೆ: "ನೋಡಲಿಲ್ಲಂದ್ರ ಫೋಟೋ ಹೆಂಗ ಬರ್ತೈತಿ?"

ಈಗ ಅನ್ನಿಸ್ತದೆ, ನೆಟ್ಟಗೆ ನಿಲ್ಲೋದು ಅಂಜಿಕೆಯಲ್ಲ, ತಾನು ಹೇಗೆ ಕಾಣಬೇಕು ಅನ್ನೋದನ್ನು ತಾನೇ ತೀರ್ಮಾನ ಮಾಡೋದು. ನಮ್ಮ ರಾಯಚೂರು ಸೀಮೆ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಅವರ ಆಸ್ಥಾನದ ಛಾಯಾಗ್ರಾಹಕ ಆಗಿದ್ದವರು ರಾಜಾ ದೀನ್ ದಯಾಳ್. ಪರದೆಯಲ್ಲಿರುವ ಹೆಂಗಸರಿಗಾಗಿ ಅವರು 1892ರಲ್ಲಿ ಹೈದರಾಬಾದಿನಲ್ಲಿ ಒಂದು ಜನಾನಾ ಸ್ಟುಡಿಯೋ ತೆಗೆದರು. ಅಲ್ಲಿ ಫೋಟೋ ತೆಗೆಯುವವರೂ ಹೆಂಗಸರೇ. ಯಾರು ತೆಗೀತಾರೆ, ಯಾರ ಮುಂದೆ ಕೂರಬೇಕು ಅನ್ನೋದು ತಾಂತ್ರಿಕ ಪ್ರಶ್ನೆಯಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು. ಸ್ಟುಡಿಯೋ ಫೋಟೋ ಚೆನ್ನಾಗಿರಲಿ ಬಿಡಲಿ, ಅದು ಕೂತವರದ್ದು. ದುಡ್ಡು ಕೊಟ್ಟವರು ಅವರು, ಮನೆಗೆ ಒಯ್ಯುವವರು ಅವರು. ನಮ್ಮ ಕ್ಯಾಂಡಿಡ್ ಎಷ್ಟೇ ಚೆನ್ನಾಗಿರಲಿ, ಅದು ತೆಗೆದವನದ್ದು.

ನಮ್ಮ ಹವ್ಯಾಸಿಗಳ ಪ್ರದರ್ಶನಗಳಿಗೆ ಹೋಗಿ ನೋಡಿ. ಹಳ್ಳಿ ಅಂದರೆ ನಾಲ್ಕೇ ಚಿತ್ರ. ಸೂರ್ಯಾಸ್ತದ ಮುಂದೆ ಕಪ್ಪು ಆಕೃತಿಯಾಗಿ ನಡೆಯುವ ರೈತ. ಒಲೆಯ ಹೊಗೆಯಲ್ಲಿ ಅರ್ಧ ಮುಖದ ಅಜ್ಜಿ. ಸುಕ್ಕುಗಟ್ಟಿದ ಎರಡು ಕೈ. ಧೂಳೆಬ್ಬಿಸಿ ಬರುವ ಕುರಿಹಿಂಡು. ಕೆಳಗೆ 'ಬದುಕಿನ ಬಂಡಿ', 'ಕಾಯಕ' ಅಂತ ಹೆಸರು. ಮುದಗಲ್ಲಿನ ಮೊಹರಂಗೆ ಹೋದರೂ ಅಷ್ಟೇ, ಗರ್ದಿಯ ಬಣ್ಣ ಬರ್ತದೆ, ಆಲಾಯಿ ಕುಣಿಯುವವನು ಯಾರು ಅಂತ ಬರೋದಿಲ್ಲ. ಸುಕ್ಕು ಚೆನ್ನಾಗಿ ಕಾಣಲಿ ಅಂತ ಕ್ಲಾರಿಟಿ ಸ್ಲೈಡರನ್ನು ಕೊನೆಯವರೆಗೆ ಎಳೆಯೋದು. ನಮ್ಮ ಹೆಂಡತಿಯ ಫೋಟೋಗೆ ಅದೇ ಸ್ಲೈಡರು ಉಲ್ಟಾ ದಿಕ್ಕಿಗೆ. ಇದು ಬೇರೆಯವರ ಮೇಲಿನ ದೂರಲ್ಲ. ಈ ನಾಲ್ಕೂ ಚಿತ್ರ ನನ್ನ ಹಾರ್ಡ್ ಡಿಸ್ಕಿನಲ್ಲಿವೆ.

ಸಾಮಾನ್ಯ ಜನರ ದಿನದಿನದ ಬದುಕನ್ನು ತೆಗೆದವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜೀವಮಾನವಿಡೀ ಅದನ್ನೇ ಮಾಡಿದರು, ಕಪ್ಪುಬಿಳುಪಿನಲ್ಲಿ. ಅವರ ಚಿತ್ರಗಳಲ್ಲಿರೋದು 'ಬಡತನ' ಅಲ್ಲ, ಒಬ್ಬ ನಿರ್ದಿಷ್ಟ ಮನುಷ್ಯ. ಆ ಮಗುವನ್ನು ನಾಳೆ ರಸ್ತೆಯಲ್ಲಿ ಕಂಡರೆ ಗುರುತು ಹಿಡೀಬಹುದು. ನನ್ನ ರೈತನನ್ನು ಅವನ ಹೆಂಡತಿಯೂ ಗುರುತು ಹಿಡಿಯಲಾರಳು.

ಈಗ ದೊಡ್ಡವ್ವನ ವಿಷಯ ಹೇಳಬೇಕು.

ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ನನ್ನ ಮೆಚ್ಚಿನ 'ಸಬ್ಜೆಕ್ಟ್'. ಊರಿಗೆ ಹೋದಾಗಲೆಲ್ಲ ಅವಳ ಫೋಟೋ. ನಾಟಿ ಮಾಡುವಾಗ, ರೊಟ್ಟಿ ಬಡಿಯುವಾಗ, ಬಾಗಿಲಲ್ಲಿ ಕೂತು ಜೋಳ ಹಸನು ಮಾಡುವಾಗ. ರೊಟ್ಟಿ ಬಡಿಯುವ ಅವಳ ಕೈಗಳ ಚಿತ್ರಕ್ಕೆ ಒಂದು ಸಣ್ಣ ಬಹುಮಾನವೂ ಬಂತು. ಅದನ್ನು ಫೋನಿನಲ್ಲಿ ತೋರಿಸಿದಾಗ ಕಣ್ಣು ಕಿರಿದು ಮಾಡಿ ನೋಡಿ, "ಚಲೋ ಬಂದೈತಿ. ಮುಖ ಎಲ್ಲೈತೋ ತಮ್ಮಾ?" ಅಂದಳು. ನಾನು ನಕ್ಕೆ. ಮುಖ ಇಲ್ಲದಿರೋದೇ ಇದರ ವಿಶೇಷ, ನೋಡುವವರು ಊಹೆ ಮಾಡಿಕೊಳ್ಳಬೇಕು, ಅಂತೇನೋ ವಿವರಿಸಿದೆ. ಪೂರ್ತಿ ಕೇಳಿ, "ಹಂಗೇನು" ಅಂದಳು. ಆಮೇಲೆ, "ಒಂದು ಚಂದಂದು ತಗದು ಕೊಡು, ಗ್ವಾಡಿಗೆ ಹಾಕಾಕ" ಅಂದಳು. ಮುಂದಿನ ಸಲ ಅಂದೆ. ಈ ಊರಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಅದೇ, "ಕಾಪಿ ಕೊಡ್ತಿಯೇನಪಾ?" ಅತಿ ಹೆಚ್ಚು ಸಲ ನಾನು ಕೊಟ್ಟಿರುವ ಉತ್ತರವೂ ಅದೇ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ದೊಡ್ಡವ್ವ ಹೋದಳು. ಸುದ್ದಿ ಕೇಳಿ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಅವಳ ಮಗ ಕೇಳಿದ, "ನಿನ್ನ ಹತ್ರ ಅವ್ವನ ಫೋಟೋ ರಗಡ ಅದಾವಲ್ಲ, ಒಂದು ಕೊಡಪಾ, ಫ್ರೇಮ್ ಹಾಕಸ್ಬೇಕು."

ಲ್ಯಾಪ್‌ಟಾಪ್ ತೆಗೆದು ಕೂತೆ. ನೂರಾ ಎಪ್ಪತ್ತು ಚಿಲ್ಲರೆ ಫೋಟೋ ಇದ್ದವು. ಕೈ. ಬೆನ್ನು. ಕಾಲಿನ ಬಿರುಕು. ಸೂರ್ಯನ ಮುಂದೆ ಕಪ್ಪಗೆ ಬಾಗಿದ ಆಕೃತಿ. ಹೊಗೆಯೊಳಗೆ ಅರ್ಧ ಕೆನ್ನೆ. ಒಂದರಲ್ಲಿ ಮುಖ ಪೂರ್ತಿ ಇತ್ತು, ಆದರೆ ಫೋಕಸ್ ಮುಂದಿನ ಜೋಳದ ಕಾಳಿನ ಮೇಲೆ. ಅದನ್ನು ನಾನು ಬೇಕಂತಲೇ ಮಾಡಿದ್ದು. ಮಗ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಡಿದ. ಏನೂ ಅನ್ನಲಿಲ್ಲ. ಕೊನೆಗೆ ಸಿಂಧನೂರಿನ ಸ್ಟುಡಿಯೋದವನು ಅವಳ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ, ಹಣೆಗೆ ಕುಂಕುಮ ತಿದ್ದಿ ಕೊಟ್ಟ. ಗೋಡೆ ಮೇಲಿರೋದು ಅದೇ. ಮುಖ ಸ್ವಲ್ಪ ಊದಿಕೊಂಡ ಹಾಗೆ ಕಾಣ್ತದೆ. ಆದರೆ ನೆಟ್ಟಗೆ ನೋಡ್ತಾಳೆ.

ಜಗತ್ತಿನ ಅತಿ ಪ್ರಸಿದ್ಧ ಫೋಟೋಗಳಲ್ಲಿ ಒಂದಾದ 'ಮೈಗ್ರಂಟ್ ಮದರ್' ನೀವೂ ನೋಡಿರ್ತೀರಿ: ಗಲ್ಲಕ್ಕೆ ಕೈ ಹಚ್ಚಿದ ತಾಯಿ, ಎರಡೂ ಹೆಗಲಿಗೆ ಮುಖ ತಿರುಗಿಸಿ ಒರಗಿದ ಮಕ್ಕಳು. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ತೆಗೆದದ್ದು. ತಾನು ಆಕೆಯ ಹೆಸರು ಕೇಳಲಿಲ್ಲ ಅಂತ ಲ್ಯಾಂಗ್ ಆಮೇಲೆ ತಾನೇ ಬರೆದಳು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಹೆಸರು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಆಗ ಆಕೆ ಮಾಡಿದ ದೂರುಗಳಲ್ಲಿ ಒಂದು ಹೀಗಿತ್ತು: ಒಂದು ಕಾಪಿ ಕಳಿಸ್ತೀನಿ ಅಂದಿದ್ದಳು, ಕಳಿಸಲೇ ಇಲ್ಲ.

ಓದಿದಾಗ ಮೈ ಜುಮ್ ಅಂದಿತು. ಕ್ಯಾಲಿಫೋರ್ನಿಯಾದ ಬಟಾಣಿ ಹೊಲ, ಸಿಂಧನೂರಿನ ಬತ್ತದ ಗದ್ದೆ, ಪ್ರಶ್ನೆ ಒಂದೇ. ಆದರೂ ಲ್ಯಾಂಗ್ ನನಗಿಂತ ಮೇಲು. ಅವಳು ಮುಖವನ್ನಾದರೂ ತೆಗೆದಿದ್ದಳು.

ಮುಖವಿಲ್ಲದ ಫೋಟೋ ತೆಗೆಯಬಾರದು, ಸಿಲೂಯೆಟ್ ಪಾಪ ಅಂತೆಲ್ಲ ನಾನು ಹೇಳ್ತಿಲ್ಲ. ದೊಡ್ಡವ್ವನ ಕೈಗಳ ಆ ಚಿತ್ರ ಇವತ್ತು ನೋಡಿದರೂ ಒಳ್ಳೆಯದೇ, ಅಳಿಸಿಲ್ಲ. ಆದರೆ ಅದರ ಕೊರತೆ ಏನು ಅಂತ ಒಂದೇ ಮಾತಿನಲ್ಲಿ ಹೇಳಿದವಳು ಅವಳು. ಬಹುಮಾನ ಕೊಟ್ಟ ತೀರ್ಪುಗಾರರಿಗೆ ಅದು ಹೊಳೆಯಲಿಲ್ಲ.

ಈಗ ಊರಿಗೆ ಹೋದರೆ ಮೊದಲು ಎಲ್ಲರನ್ನೂ ಕಟ್ಟೆ ಮೇಲೆ ಅವರಿಗೆ ಬೇಕಾದ ಹಾಗೆ ಕೂರಿಸಿ, ನೆಟ್ಟಗೆ, ಒಂದೊಂದು ತೆಗೀತೀನಿ. ವಾಪಸು ಹೋಗುವ ಮುಂಚೆ ಸಿಂಧನೂರಿನಲ್ಲಿ ಪ್ರಿಂಟ್ ಹಾಕಿಸಿ ಹಂಚ್ತೀನಿ. ನನ್ನ ಬೆಳಕು, ನನ್ನ ಹೊಗೆ, ನನ್ನ ಕಲೆ ಎಲ್ಲ ಆಮೇಲೆ. ಹೋದ ಸಲ ಪಕ್ಕದ ಮನೆ ಕಾಕಾ ತನ್ನ ಪ್ರಿಂಟನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದಕ್ಕೆಷ್ಟು ಬಿತ್ತು?"

"ಇಪ್ಪತ್ತು ರೂಪಾಯಿ."

"ಮತ್ತ ಆ ಕ್ಯಾಮರಾಕ್ಕ ಅಷ್ಟ್ಯಾಕ ಕೊಟ್ಟಿ?" ಅಂದ.