ಡಿಕ್ಷನರಿಯೊಳಗೆ ಸಿಕ್ಕ ಸೇತುವೆ

ಮೊದಲ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ ನಮ್ಮ ಟೀಮಿನವರೆಲ್ಲ ಒಂದೇ ಬ್ರೌಸರ್ ಗೇಮ್ ಆಡೋರು. ಹೆಸರು ಕಿಂಗ್‌ಡಮ್ ಆಫ್ ಲೋದಿಂಗ್. ಪಕ್ಕದ ಕ್ಯೂಬಿಕಲ್‌ನಲ್ಲಿ ಒಂದು ನಗು ಏಳೋದು, ಅದರ ಹಿಂದೆಯೇ ಇನ್ನೆರಡು. ನಾನೂ ನಗ್ತಿದ್ದೆ. ಯಾಕೆ ಅಂತ ಮಾತ್ರ ಗೊತ್ತಿರ್ತಿರಲಿಲ್ಲ.

ಝಾಕ್ ಜಾನ್ಸನ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 2003ರಲ್ಲಿ ಶುರುಮಾಡಿದ ಆಟ ಇದು. ಬಿಳಿ ಪರದೆ ಮೇಲೆ ಕಪ್ಪು ಗೆರೆಯ ಕಡ್ಡಿ ಮನುಷ್ಯರು, ಮಿಕ್ಕಿದ್ದೆಲ್ಲ ಓದುವ ಬರಹ. ದಿನಕ್ಕೆ 40 ಸಾಹಸಗಳ ಪಡಿ. ಚಿನ್ನದ ನಾಣ್ಯದ ಬದಲು ಮಾಂಸವೇ ದುಡ್ಡು. ನೀವು ಪಾಸ್ಟಾ ಮಂತ್ರವಾದಿ ಆಗಬಹುದು, ಅಕಾರ್ಡಿಯನ್ ಕಳ್ಳ ಆಗಬಹುದು. ರೋಲ್ ಪ್ಲೇಯಿಂಗ್ ಗೇಮ್‌ಗಳ ಜಂಭವನ್ನೆಲ್ಲ ಅಣಕಿಸೋದೇ ಇದರ ಕಸುಬು. ಆ ಅಣಕದ ಕೆಳಗೆ ಸಿನಿಮಾ, ಟೀವಿ, ಬೇರೆ ಗೇಮ್‌ಗಳ ಉಲ್ಲೇಖಗಳನ್ನ ಹೂತಿಟ್ಟಿದ್ದಾರೆ.

ಉದಾಹರಣೆಗೆ ಆಟದಲ್ಲಿ 'ಡಿಗ್ರಾಸಿ ನೋಲ್' ಅಂತ ಒಂದು ಜಾಗ ಇದೆ. ನೋಲ್ ಅಂದ್ರೆ ದಿಬ್ಬ. ಅಲ್ಲಿ ವಾಸ ಮಾಡೋರೂ ನೋಲ್‌ಗಳೇ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಕತ್ತೆಕಿರುಬ ಮುಖದ ರಾಕ್ಷಸರು. ಉಚ್ಚಾರ ಒಂದೇ, ಸ್ಪೆಲಿಂಗ್ ಬೇರೆ. ಡಿಗ್ರಾಸಿ ಅನ್ನೋದು 1980ರ ದಶಕದಲ್ಲಿ ಕೆನಡಾದಲ್ಲಿ ಬರ್ತಿದ್ದ ಶಾಲಾ ಮಕ್ಕಳ ಧಾರಾವಾಹಿ. ಎರಡನ್ನೂ ಕೂಡಿಸಿ ಓದಿದರೆ ಒಳಗೆ 'ಗ್ರಾಸಿ ನೋಲ್' ಕೇಳಿಸುತ್ತೆ: 1963ರಲ್ಲಿ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾದಾಗ ಇನ್ನೊಬ್ಬ ಬಂದೂಕುಧಾರಿ ಅಡಗಿದ್ದ ಅಂತ ಕೆಲವರು ಇವತ್ತಿಗೂ ವಾದಿಸುವ ಹುಲ್ಲುದಿಬ್ಬ. ಎರಡು ಪದದಲ್ಲಿ ಮೂರು ಜೋಕು. ಹೆಣಿಗೆ ಬಿಗಿಯಾಗಿದೆ, ಒಪ್ಪಿಕೊಳ್ಳಲೇಬೇಕು. ಆದರೆ ಗೂಗಲ್ ಮಾಡಿ ಬಿಡಿಸಿಕೊಂಡ ಜೋಕಿಗೆ ನಗು ಬರಲ್ಲ. 'ಓ, ಹೌದಾ' ಅನಿಸುತ್ತೆ, ಅಷ್ಟೆ. ನಮ್ಮೂರಲ್ಲಿ ಆಗ ಟೀವಿ ಅಂದ್ರೆ ದೂರದರ್ಶನ, ಅದೂ ಕರೆಂಟ್ ಇದ್ದರೆ.

ಬಹಳ ದಿನ ಇದನ್ನ ನನ್ನ ಕೊರತೆ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ಧೈರ್ಯ ಮಾಡಿ ಟೀಮಿನಲ್ಲಿ ಕೇಳಿದೆ, ಡಿಗ್ರಾಸಿ ಯಾರು ನೋಡಿದ್ದೀರಿ ಅಂತ. ಒಬ್ಬರೂ ನೋಡಿರಲಿಲ್ಲ! ಎಲ್ಲರೂ ಆ ಆಟದ ವಿಕಿ ಓದಿಕೊಂಡು ಬಂದು ನಗ್ತಿದ್ದೋರೇ. ಆಫೀಸಿನ ಬಾಗಿಲಲ್ಲಿ ಐಡಿ ಕಾರ್ಡ್ ತೋರಿಸಿದ ಹಾಗೆ ನಗು ತೋರಿಸಿ ಒಳಗೆ ಹೋಗ್ತಿದ್ವಿ, ನಾನೂ ಸೇರಿ. ಇಂಥ ಉಲ್ಲೇಖಗಳ ಮೇಲೆ ನನಗಿರೋ ತಕರಾರು ಇದೇ. ಗೊತ್ತಿದ್ದವನಿಗೆ 'ನಿನಗೆ ಗೊತ್ತು' ಅಂತ ಬೆನ್ನು ತಟ್ಟುತ್ತವೆ. ಅದು ಬಿಟ್ಟರೆ ಆಟದೊಳಗೆ ಅವಕ್ಕೆ ಬೇರೆ ಕೆಲಸ ಇಲ್ಲ.

ಕೆಲಸ ಮಾಡೋ ಜೋಕು ಹೇಗಿರುತ್ತೆ ಅಂತ ಇದೇ ಆಟ ತೋರಿಸಿಕೊಟ್ಟಿತು. ನಾನು ಆಡ್ತಿದ್ದ ಕಾಲದಲ್ಲಿ ಆರ್ಕ್‌ಗಳ ಕಮರಿ ದಾಟೋಕೆ ಒಂದು ಸೇತುವೆ ಬೇಕಿತ್ತು. ಎಲ್ಲಿ ಹುಡುಕಿದರೂ ಇಲ್ಲ. ಕೈಯಲ್ಲಿ ಇದ್ದದ್ದು ಕಡಲ್ಗಳ್ಳರ ಹತ್ತಿರ ಸಿಕ್ಕ ಒಂದು 'ಅಬ್ರಿಡ್ಜ್ಡ್ ಡಿಕ್ಷನರಿ', ಅಂದರೆ ಸಂಕ್ಷಿಪ್ತ ನಿಘಂಟು. ಊರಲ್ಲಿ ಅನ್‌ಟಿಂಕರ್ ಅಂತ ಒಬ್ಬ ಇದ್ದಾನೆ, ಅಂಟಿಸಿದ ವಸ್ತುಗಳನ್ನ ಬಿಡಿಸಿಕೊಡೋದು ಅವನ ಕಸುಬು. ಸುಮ್ಮನೆ ನೋಡೋಣ ಅಂತ ನಿಘಂಟನ್ನ ಅವನ ಕೈಗೆ ಕೊಟ್ಟೆ. ವಾಪಸ್ ಬಂದದ್ದು ಎರಡು ವಸ್ತು: ಒಂದು ಡಿಕ್ಷನರಿ, ಒಂದು ಬ್ರಿಡ್ಜ್. ಒಬ್ಬನೇ ಕೂತು ಜೋರಾಗಿ ನಕ್ಕುಬಿಟ್ಟೆ. ಪದ ಒಡೆದು ಸೇತುವೆ ಆಯ್ತು, ಅದರ ಮೇಲೆ ನಡೆದು ಕಮರಿ ದಾಟಿದೆ. ಇದಕ್ಕೆ ಯಾರ ಬಾಲ್ಯದ ಟೀವಿಯೂ ಬೇಡ.

ಇನ್ನೊಂದು 'ಪ್ಯಾಲಿನ್‌ಡೋಮ್'. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಹೆಸರಿನವರಷ್ಟೇ ಇರುವ ಗುಮ್ಮಟ. ಅಲ್ಲಿನ ಖಳನ ಹೆಸರು 'ಡಾ. ಆಕ್ವರ್ಡ್', ಇಂಗ್ಲಿಷಿನಲ್ಲಿ ಬರೆದು ತಿರುಗಿಸಿ ನೋಡಿ. ಒಳಗೆ ಹೋಗೋಕೆ ಬೇಕಾದ ತಾಯಿತದ ಹೆಸರೂ ಹಾಗೇ. ಇದು ನನಗೆ ಟೀಮಿನ ಎಲ್ಲರಿಗಿಂತ ಮೊದಲು ಹೊಳೆಯಿತು. ಯಾಕಂದ್ರೆ ತೆನಾಲಿ ರಾಮಕೃಷ್ಣನ ಕಥೆ ಹೇಳುವಾಗ ನಮ್ಮ ಅಜ್ಜ 'ವಿಕಟಕವಿ' ಅಂತ ಸ್ಲೇಟಿನ ಮೇಲೆ ಬರೆಸಿ, ಹಿಂದಿನಿಂದ ಓದು ಅಂತಿದ್ದರು.

ಹಾಗಂತ ಉಲ್ಲೇಖವೇ ಬೇಡ ಅಂತಲ್ಲ. 'ಪೆನಲ್ಟಿಮೇಟ್ ಫ್ಯಾಂಟಸಿ' ಅನ್ನೋ ಹಾರುಹಡಗು ಫೈನಲ್ ಫ್ಯಾಂಟಸಿ ಗೇಮ್‌ಗಳ ಲೇವಡಿ. ಕಡೆಯದಲ್ಲ, ಕಡೆಯದಕ್ಕಿಂತ ಒಂದು ಮುಂಚಿನದು! ಆದರೆ ಅದರೊಳಗೆ ನಿಮ್ಮ ಮೇಲೆ ಬೀಳೋ ಒಂದು ವೈರಿಯ ಹೆಸರೇ 'ಸುಮ್ಮಸುಮ್ಮನೆ ಎದುರಾಗೋ ಕಾಳಗಗಳ ಕಿರಿಕಿರಿ ಸರಣಿ'. ಎರಡು ಹೆಜ್ಜೆ ಇಟ್ಟರೆ ಒಂದು ಕಾಳಗ, ಮತ್ತೆ ಎರಡು ಹೆಜ್ಜೆಗೆ ಇನ್ನೊಂದು ಅನ್ನೋ ಗೇಮನ್ನ ಒಮ್ಮೆ ಆಡಿದ್ದರೂ ಸಾಕು, ಇದು ತಾಗುತ್ತೆ. ಅದೇ ಮೋಡದ ಮೇಲಿನ ಕೋಟೆಯ ದೈತ್ಯರನ್ನ ನೋಡಿ: ಗಾಥ್ ದೈತ್ಯ, ರೇವರ್ ದೈತ್ಯ, ಪಂಕ್ ದೈತ್ಯ. ಒಂದು ಕಾಲದ ಅಮೆರಿಕದ ಹುಡುಗರ ಫ್ಯಾಷನ್ನುಗಳ ಪಟ್ಟಿ ಅದು. ಫ್ಯಾಷನ್ ಹೋಯ್ತು, ಜೋಕೂ ಹಳಸಿತು.

ಇನ್ನು ನನ್ನ ಬಣ್ಣವನ್ನೂ ಬಯಲು ಮಾಡಿಬಿಡ್ತೀನಿ. ಆಟದಲ್ಲಿ ಹುಚ್ಚೆದ್ದ ಕೂಡುವ ಯಂತ್ರ ಒಂದಿದೆ. ಅದರ ಮೇಲೆ ಸಂಖ್ಯೆ ಬರೆದ ಸುರುಳಿಗಳನ್ನ ಎಸೆದರೆ ಕೂಡಿಸಿ ಹೊಸ ಸುರುಳಿ ಕೊಡುತ್ತೆ. 334ಕ್ಕೆ 334 ಸೇರಿಸಿದರೆ 668. ಅದಕ್ಕೆ 30669 ಸೇರಿಸಿದರೆ 31337. ಹ್ಯಾಕರ್‌ಗಳ ಬರವಣಿಗೆಯಲ್ಲಿ ಅದನ್ನ 'ಎಲೀಟ್' ಅಂತ ಓದೋದು, ಅಂದರೆ ಮೇಲ್ದರ್ಜೆಯವರು. ಆ ಸಂಖ್ಯೆ ಬಂದಾಗ ಖುಷಿಯಲ್ಲಿ ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗನಿಗೆ ಇದನ್ನ ವಿವರಿಸ್ತಾ ಕೂತೆ. ಅವನು ಪೂರ್ತಿ ಕೇಳಿ, ಸ್ವಲ್ಪ ತಡೆದು, ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು.

ಅಂದಹಾಗೆ, ಈ ಆಟದಲ್ಲಿ ಚಾಟ್ ಮಾಡಬೇಕಂದ್ರೆ 'ಸಾಕ್ಷರತೆಯ ಪೀಠ'ಕ್ಕೆ ಹೋಗಿ ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು. 'ದೇರ್' ಅನ್ನೋ ಒಂದೇ ಉಚ್ಚಾರದ ಮೂರು ಸ್ಪೆಲಿಂಗ್‌ಗಳಲ್ಲಿ ಯಾವುದು ಎಲ್ಲಿ ಅನ್ನೋ ಥರದ್ದು. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದು ಅದನ್ನೇ. ಒಂದೇ ಸಲಕ್ಕೆ ಪಾಸಾದೆ. ಟೀಮಿನಲ್ಲಿ ಎಲ್ಲರಿಗಿಂತ ಜೋರಾಗಿ ನಗ್ತಿದ್ದ ಗೆಳೆಯನಿಗೆ ಮೂರು ಸಲ ಬೇಕಾಯ್ತು.