ಔಷಧ ನಿಂತರೂ ನಿಲ್ಲದ ಪ್ರತಿರೋಧ

ಆಂಟಿಬಯಾಟಿಕ್ ಪ್ರತಿರೋಧದ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಬಹುಪಾಲು ಒಂದೇ ಭರವಸೆಯಲ್ಲಿ ಮುಗಿಯುತ್ತವೆ: ಬಳಕೆಗೆ ಕಡಿವಾಣ ಹಾಕಿ, ಪ್ರತಿರೋಧ ತಾನಾಗಿ ಇಳಿಯುತ್ತದೆ. ಇದರ ಹಿಂದಿನ ತರ್ಕ ಓದುಗರಿಗೆ ಗೊತ್ತಿರುವಂಥದ್ದೇ. ಪ್ರತಿರೋಧದ ಜೀನು ಹೊತ್ತ ಬ್ಯಾಕ್ಟೀರಿಯಾ ಅದಕ್ಕೆ ಬೆಲೆ ತೆರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಔಷಧ ಇರುವಷ್ಟು ಕಾಲ ಆ ಬೆಲೆ ತೆತ್ತರೂ ಲಾಭ. ಔಷಧ ಹೋದ ಮೇಲೆ ಹೊರೆಯಿಲ್ಲದವು ಮುನ್ನುಗ್ಗಿ ಹೊರೆ ಹೊತ್ತವನ್ನು ಹಿಂದಿಕ್ಕುತ್ತವೆ. ಈ ತರ್ಕವನ್ನು ನಾನು ಸುಳ್ಳೆನ್ನುವುದಿಲ್ಲ, ಅರ್ಧ ಎನ್ನುತ್ತೇನೆ. ಆ ಅರ್ಧದ ಮೇಲೆ ಇಡೀ ನೀತಿಯನ್ನು ನಿಲ್ಲಿಸುತ್ತಿರುವುದೇ ನನ್ನ ತಕರಾರು.

ಬ್ರಿಟನ್ನಿನಲ್ಲಿ ಈ ತರ್ಕಕ್ಕೆ ಒಂದು ದೊಡ್ಡ ಪರೀಕ್ಷೆ ನಡೆದುಹೋಗಿದೆ. 1991ರಲ್ಲಿ ಅಲ್ಲಿನ ವೈದ್ಯರು ಸಲ್ಫೊನಮೈಡ್‌ಗೆ ಸುಮಾರು 3,20,000 ಚೀಟಿ ಬರೆದಿದ್ದರು. ನಿರ್ಬಂಧದ ನಂತರ, 1999ರ ಹೊತ್ತಿಗೆ, ಅದು 7,000ಕ್ಕೆ ಇಳಿಯಿತು. ಇದಕ್ಕಿಂತ ಕಟ್ಟುನಿಟ್ಟಾದ ಕಡಿತವನ್ನು ಯಾವ ಸರ್ಕಾರವೂ ಕನಸಿನಲ್ಲಿ ಕೂಡ ಕೇಳಲಾರದು. ಆದರೆ ಲಂಡನ್ನಿನ ಆಸ್ಪತ್ರೆಯೊಂದರ ಇ.ಕೋಲೈ ಮಾದರಿಗಳಲ್ಲಿ ಸಲ್ಫೊನಮೈಡ್ ಪ್ರತಿರೋಧ ಶೇ. 39.7ರಿಂದ 46ಕ್ಕೆ ಏರಿತ್ತು. 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಕಾರಣ ಹುಡುಕಿದರೆ ಸಿಗುವುದು ಪ್ಲಾಸ್ಮಿಡ್. ಕ್ರೋಮೋಸೋಮಿನಿಂದ ಬೇರೆಯಾಗಿದ್ದು ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಡಿಎನ್‌ಎ ಉಂಗುರ ಅದು. ಪ್ರತಿರೋಧದ ಜೀನು ಕೂತಿದ್ದದ್ದು ಅದರಲ್ಲಿ, ಅನೇಕ ವೇಳೆ ಬೇರೆ ಔಷಧಗಳ ಪ್ರತಿರೋಧದ ಜೀನುಗಳ ಪಕ್ಕದಲ್ಲೇ.

ಜನಪ್ರಿಯ ತರ್ಕ ಎಡವುವುದು ಇಲ್ಲಿ. ಹೊರೆ ಬೇಡವಾದಾಗ ಬ್ಯಾಕ್ಟೀರಿಯಾ ಅದನ್ನು ಇಳಿಸಿಬಿಡುತ್ತದೆ ಎನ್ನುವಾಗ, ಇಳಿಸುವ ಅಧಿಕಾರ ಬ್ಯಾಕ್ಟೀರಿಯಾದ್ದೇ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ. ಆರ್1 ಎಂಬ ಪ್ಲಾಸ್ಮಿಡ್ಡನ್ನು ನೋಡಿ. ಅದರಲ್ಲಿ ಹಾಕ್ ಮತ್ತು ಸಾಕ್ ಎಂಬ ಜೋಡಿ ಇದೆ. ಹಾಕ್ ಜೀವಕೋಶದ ಪೊರೆಯನ್ನು ಕೆಡಿಸುವ ವಿಷ. ಅದರ ಆರ್‌ಎನ್‌ಎ ಬಹಳ ಹೊತ್ತು ಬಾಳುತ್ತದೆ. ಸಾಕ್ ಆ ವಿಷ ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎ. ಅದು ಬೇಗ ಕರಗುತ್ತದೆ. ಪ್ಲಾಸ್ಮಿಡ್ ಇರುವ ತನಕ ಸಾಕ್ ಹೊಸದಾಗಿ ತಯಾರಾಗುತ್ತಲೇ ಇರುತ್ತದೆ, ತೊಂದರೆಯಿಲ್ಲ. ಕೋಶ ಇಬ್ಭಾಗವಾಗುವಾಗ ಒಂದು ಮರಿಕೋಶಕ್ಕೆ ಪ್ಲಾಸ್ಮಿಡ್ ಸಿಗದೆ ಹೋದರೆ ಉಳಿದಿದ್ದ ಸಾಕ್ ಕರಗಿಹೋಗುತ್ತದೆ, ಹಾಕ್ ಕೆಲಸ ಶುರುಮಾಡುತ್ತದೆ, ಮರಿಕೋಶ ಸಾಯುತ್ತದೆ. ಹೊರೆ ಇಳಿಸಿ ಹಗುರಾಗಿ ಓಡಬೇಕಿದ್ದ ಸ್ಪರ್ಧಿಯನ್ನು ಪ್ಲಾಸ್ಮಿಡ್ ಹುಟ್ಟುವಾಗಲೇ ಮುಗಿಸಿಬಿಟ್ಟಿರುತ್ತದೆ. ಇಷ್ಟಾದರೂ, ಹೊರೆಯಾದ ಪ್ಲಾಸ್ಮಿಡ್ ಔಷಧವಿಲ್ಲದಾಗಲೂ ಉಳಿದುಕೊಳ್ಳುವುದನ್ನು ವಿಜ್ಞಾನಿಗಳು 'ಪ್ಲಾಸ್ಮಿಡ್ ಪ್ಯಾರಡಾಕ್ಸ್' ಎಂದು ಕರೆಯುತ್ತಾ ಬಂದಿದ್ದಾರೆ. ಬ್ಯಾಕ್ಟೀರಿಯಾವನ್ನೇ ಯಜಮಾನ ಎಂದುಕೊಂಡವರಿಗೆ ಮಾತ್ರ ಇದರಲ್ಲಿ ವಿರೋಧಾಭಾಸ ಕಂಡೀತು.

ಬೆಲೆ ಎನ್ನುವುದು ಸ್ಥಿರವೂ ಅಲ್ಲ. ಬೂಮಾ ಮತ್ತು ಲೆನ್ಸ್ಕಿ 1988ರಲ್ಲಿ ತೋರಿಸಿದ್ದು ಇದನ್ನೇ. ಪ್ಲಾಸ್ಮಿಡ್ ಹೊತ್ತ ಇ.ಕೋಲೈಯನ್ನು ಅವರು ಔಷಧದ ನಡುವೆ 500 ಪೀಳಿಗೆ ಬೆಳೆಸಿದರು. ಆಮೇಲೆ ನೋಡಿದರೆ, ಔಷಧವೇ ಇಲ್ಲದಾಗಲೂ ಪ್ಲಾಸ್ಮಿಡ್ ಇದ್ದ ಕೋಶವೇ ಚೆನ್ನಾಗಿ ಬೆಳೆಯುತ್ತಿತ್ತು. ಇನ್ನು ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಪ್ಲಾಸ್ಮಿಡ್ ದಾಟುವ ಕಾಂಜುಗೇಷನ್ನಿನ ವೇಗವೊಂದೇ ಅದನ್ನು ಉಳಿಸಲು ಸಾಕಾಗಬಹುದೆಂದು 2017ರ ಪ್ರಯೋಗಗಳು ತೋರಿಸಿವೆ.

ಎದುರು ವಾದ ಇದೆ, ಬಲವಾಗಿಯೇ ಇದೆ. ಕೊಲಿಸ್ಟಿನ್ ಪ್ರತಿರೋಧದ ಎಂಸಿಆರ್-1 ಜೀನು ಕೂಡ ಪ್ಲಾಸ್ಮಿಡ್‌ನದ್ದೇ. ಚೀನಾ 2017ರಲ್ಲಿ ಪಶು ಆಹಾರಕ್ಕೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಅಲ್ಲಿನ ಹಂದಿಗಳ ಇ.ಕೋಲೈಯಲ್ಲಿ ಪ್ರತಿರೋಧ 2015–16ರ ಶೇ. 34ರಿಂದ 2017–18ಕ್ಕೆ ಶೇ. 5ರ ಆಸುಪಾಸಿಗೆ ಇಳಿಯಿತು. ಹಾಗಾದರೆ ನಿರ್ಬಂಧ ಫಲಿಸಿತಲ್ಲ? ಫಲಿಸಿತು. ಭಾರತ 2019ರಲ್ಲಿ ಅದೇ ದಾರಿ ಹಿಡಿದದ್ದೂ ಸರಿ. ಆದರೆ ಈ ಗೆಲುವನ್ನು ಸಾಮಾನ್ಯ ನಿಯಮ ಮಾಡುವವರು ಡೆನ್ಮಾರ್ಕಿನ ಹಂದಿಗಳನ್ನು ನೆನಪಿಸಿಕೊಳ್ಳಬೇಕು. ಅಲ್ಲಿ 1995ರಲ್ಲಿ ಪಶು ಆಹಾರಕ್ಕೆ ಬೆರೆಸುತ್ತಿದ್ದ, ವ್ಯಾಂಕೊಮೈಸಿನ್ ವರ್ಗದ್ದೇ ಆದ ಅವೊಪಾರ್ಸಿನ್ ನಿಷೇಧವಾಯಿತು. ಕೋಳಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಜಗ್ಗದ ಎಂಟರೋಕಾಕಸ್ ಕುಸಿಯಿತು, ಹಂದಿಗಳಲ್ಲಿ ಇಳಿಯಲಿಲ್ಲ. ಹಂದಿಗಳಿಗೆ ಟೈಲೋಸಿನ್ ಎಂಬ, ಬೇರೆಯೇ ವರ್ಗದ ಔಷಧ ಹೋಗುತ್ತಿತ್ತು. ಎರಡೂ ಪ್ರತಿರೋಧಗಳು ಒಂದೇ ಪ್ಲಾಸ್ಮಿಡ್ಡಿನಲ್ಲಿದ್ದವು. 1998ರಲ್ಲಿ ಟೈಲೋಸಿನ್ ನಿಂತ ಮೇಲೆಯೇ ವ್ಯಾಂಕೊಮೈಸಿನ್ ಪ್ರತಿರೋಧ ಇಳಿದದ್ದು. ಒಂದು ಔಷಧವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ನೀತಿ ಆ ನಡುವಿನ ವರ್ಷಗಳಲ್ಲಿ ಏನನ್ನು ಕಂಡಿದ್ದೀತು? ತನ್ನದೇ ಸೋಲನ್ನು ಮಾತ್ರ.

ನಮ್ಮ ಪ್ರತಿರೋಧದ ಪಟ್ಟಿಗಳು ಇಂದಿಗೂ ಬಹುಮಟ್ಟಿಗೆ ಹೀಗೇ ಇವೆ: ಇಂಥ ಬ್ಯಾಕ್ಟೀರಿಯಾ, ಇಂಥ ಔಷಧ, ಶೇಕಡಾ ಇಷ್ಟು. ಯಾವ ಜೀನು ಯಾವ ಪ್ಲಾಸ್ಮಿಡ್ಡಿನಲ್ಲಿ, ಯಾರ ಜೊತೆ ಪ್ರಯಾಣ ಮಾಡುತ್ತಿದೆ ಎಂಬ ಅಂಕಣ ಅಲ್ಲಿ ಕಾಣುವುದೇ ಅಪರೂಪ. 2016ರಲ್ಲಿ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ ಎಂದು ಸೂಚಿಸುವ, ಮಾತ್ರೆಯ ಪಟ್ಟಿಗಳ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ಶುರುವಾಯಿತು, ಒಳ್ಳೆಯದೇ. ಆದರೆ ಚೀಟಿಯ ನಿಯಂತ್ರಣ ಔಷಧದಂಗಡಿಯ ಕಟ್ಟೆಯವರೆಗೆ ಮಾತ್ರ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿಲ್ಲಿಯ ರಸ್ತೆ, ಚರಂಡಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಕಾರ್ಬಾಪೆನೆಮ್ ಔಷಧಗಳ ಪ್ರತಿರೋಧದ ಎನ್‌ಡಿಎಂ-1 ಜೀನು ಕಂಡಿತು. ಕಾಲರಾ ಮತ್ತು ಶಿಗೆಲ್ಲಾ ಬ್ಯಾಕ್ಟೀರಿಯಾಗಳಿಗೂ ಅದು ಆಗಲೇ ದಾಟಿತ್ತು. 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪ್ಲಾಸ್ಮಿಡ್ ಹೆಚ್ಚು ಚುರುಕಾಗಿ ದಾಟುತ್ತಿತ್ತು. ನಾವು ಜಗಳವಾಡಿದ್ದು ಮಾತ್ರ ಆ ಜೀನಿನ ಹೆಸರಿನಲ್ಲಿ 'ನ್ಯೂ ಡೆಲ್ಲಿ' ಏಕೆ ಬಂತು ಎಂದು.

ಚೀಟಿ ಕಡಿಮೆ ಬರೆಯಿರಿ ಎನ್ನುವವರ ಜೊತೆ ನಾನೂ ಇದ್ದೇನೆ, ಹೊಸ ಪ್ರತಿರೋಧ ಹುಟ್ಟುವುದನ್ನು ಅದು ತಡೆಯುತ್ತದೆ. ಈಗಾಗಲೇ ಹುಟ್ಟಿ ಪ್ಲಾಸ್ಮಿಡ್ ಏರಿದ್ದನ್ನು ಇಳಿಸುತ್ತದೆ ಎಂಬ ಆಶ್ವಾಸನೆಯನ್ನು ಮಾತ್ರ ಕೈಬಿಡಿ. ಆಸ್ಪತ್ರೆಯ ಕೊಳಚೆ ನೀರಿನ ಶುದ್ಧೀಕರಣ ಮತ್ತು ಊರಿನ ಒಳಚರಂಡಿ ಆಂಟಿಬಯಾಟಿಕ್ ನೀತಿಯ ಮೊದಲ ಪುಟಕ್ಕೆ ಬರಬೇಕು. ಸದ್ಯಕ್ಕೆ ಅವು ನಗರಾಭಿವೃದ್ಧಿ ಇಲಾಖೆಯ ಕಡತದಲ್ಲಿವೆ.